ಮುಚ್ಚಳ ತೆಗೆದಿಟ್ಟ ನಲವತ್ತು ನಿಮಿಷ

ನನಗೆ ಸಂಬಳ ಕೊಡುವುದು ಕಾಯುವುದಕ್ಕೆ. ಹಾಗೆಂದರೆ ನಮ್ಮ ಅತ್ತೆ ನಂಬುವುದಿಲ್ಲ. “ಕಾಯೋಕೂ ಸಂಬಳ ಕೊಡ್ತಾರಾ? ಹಾಲು ಉಕ್ಕೋದನ್ನ ಕಾಯ್ತಾ ಕಾಯ್ತಾನೇ ನಾನು ಮುದುಕಿ ಆದೆ, ನನಗೊಂದು ಅರಮನೆ ಕಟ್ಟಿಸಿಕೊಡ್ಬೇಕಿತ್ತು ಹಾಗಿದ್ರೆ” ಎನ್ನುತ್ತಾರೆ. ಆದರೂ ನಿಜ ನಿಜವೇ. ದಿನಾ ಬೆಳಿಗ್ಗೆ ಒಂಬತ್ತಕ್ಕೆ ಪ್ರಯೋಗಾಲಯದ ಮೂರನೆಯ ಮಹಡಿಗೆ ಹೋಗಿ, ಆಮ್ಲಜನಕ ಅಳೆಯುವ ಯಂತ್ರದ ಎರಡು ಗಾಜಿನ ಚೇಂಬರುಗಳಿಗೆ ಒಂದೊಂದು ಚಮಚೆಯಷ್ಟು ದ್ರಾವಣ ಹಾಕಿ, ಮುಚ್ಚಳ ತೆಗೆದು ಪಕ್ಕಕ್ಕಿಟ್ಟು, ನಲವತ್ತು ನಿಮಿಷ ಕಾಯುತ್ತೇನೆ.

ಯಾಕೆ ಕಾಯಬೇಕು ಅಂದರೆ, ದ್ರಾವಣಕ್ಕೂ ಗಾಳಿಗೂ ಹೊಂದಾಣಿಕೆ ಆಗಬೇಕು. ಚೇಂಬರಿನ ತಳದಲ್ಲಿ ಒಂದು ಪುಟ್ಟ ಕಡ್ಡಿ ಗಿರಗಿರನೆ ತಿರುಗಿ ದ್ರಾವಣವನ್ನು ಕಲಕುತ್ತಿರುತ್ತದೆ. ಮೇಲಿನ ಗಾಳಿಯಿಂದ ದ್ರಾವಣ ತನಗೆ ಬೇಕಾದಷ್ಟು ಆಮ್ಲಜನಕ ಹೀರಿಕೊಂಡು, ಇನ್ನು ಸಾಕು ಅನ್ನುವವರೆಗೆ ಪರದೆಯ ಮೇಲಿನ ಗೆರೆ ಏರುತ್ತದೆ, ಇಳಿಯುತ್ತದೆ, ಆಮೇಲೆ ಹಗ್ಗ ಹಿಡಿದು ಎಳೆದ ಹಾಗೆ ನೆಟ್ಟಗೆ ನಿಲ್ಲುತ್ತದೆ. ಅಲ್ಲಿಗೆ ಅದನ್ನು ನೂರು ಎಂದು ಬರೆದುಕೊಳ್ಳಬೇಕು. ಆಮೇಲೆ ಒಂದು ಗುಳ್ಳೆಯೂ ಉಳಿಯದ ಹಾಗೆ ಮುಚ್ಚಳ ಒತ್ತಿ, ಒಳಗೆ ಜೀವಕೋಶಗಳನ್ನು ಬಿಟ್ಟರೆ ಅವು ಉಸಿರಾಡಲು ಶುರು ಮಾಡುತ್ತವೆ, ಗೆರೆ ಇಳಿಯುತ್ತದೆ. ಎಷ್ಟು ಬೇಗ ಇಳಿಯಿತು ಎನ್ನುವುದರ ಮೇಲೆ ನಮ್ಮ ಸಂಶೋಧಕರ ಹೊಟ್ಟೆಪಾಡು ನಡೆಯುತ್ತದೆ. ಬೆಳಗಿನ ನೂರು ತಪ್ಪಿದರೆ ಸಂಜೆಯವರೆಗಿನ ಲೆಕ್ಕವೆಲ್ಲ ತಪ್ಪು.

ಚೇಂಬರುಗಳಿಗೆ ನಾನು ಎಡದವಳು, ಬಲದವಳು ಅಂತ ಹೆಸರಿಟ್ಟಿದ್ದೆ. ನನಗೆ ಉಳಿದವರು ರೇಡಿಯೋ ಅಂತ ಹೆಸರಿಟ್ಟಿದ್ದರು. ನಾನು ತುಂಬಾ ಮಾತಾಡುತ್ತೇನಂತೆ. ಅದೇನು ಅಂಥ ಹೊಸ ವಿಷಯವಲ್ಲ, ನನ್ನ ಗಂಡ ಮದುವೆಯಾದ ಎರಡನೆಯ ವಾರದಲ್ಲೇ ಕಂಡುಹಿಡಿದಿದ್ದರು.

ಆ ನಲವತ್ತು ನಿಮಿಷವನ್ನು ಹನ್ನೊಂದು ವರ್ಷ ನಾನು ಒಬ್ಬಳೇ ಕಾದವಳಲ್ಲ. ಜೊತೆಗೆ ಅಕ್ಕ ಇದ್ದಳು. ಒಡಹುಟ್ಟಿದ ಅಕ್ಕ ಅಲ್ಲ, ನನ್ನ ಭಾವನ ಹೆಂಡತಿ, ವಾರಗಿತ್ತಿ. ನಮ್ಮದು ಒಂದೇ ಮನೆ. ಕೆಳಗೆ ಅವರು, ಮೇಲೆ ನಾವು, ಎರಡೂ ಕಡೆ ಅತ್ತೆ. ನನಗೆ ಈ ಕೆಲಸ ಕೊಡಿಸಿದ್ದೂ ಅಕ್ಕನೇ. ಅವಳು ದ್ರಾವಣ ತಯಾರಿಸುವವಳು. ಉಪ್ಪು, ಸಕ್ಕರೆ, ಇನ್ನೇನೇನೋ ಪುಡಿಗಳನ್ನು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ತೂಗಿ, ನೀರಿನಲ್ಲಿ ಕರಗಿಸಿ, ಸೋಸಿ, ಬಾಟಲಿಗೆ ತುಂಬಿ, ಮೇಲೆ ತಾರೀಕಿನ ಚೀಟಿ ಅಂಟಿಸುತ್ತಾಳೆ. ಹತ್ತೊಂಬತ್ತು ವರ್ಷದಲ್ಲಿ ಅವಳ ಒಂದು ಬಾಟಲಿಯೂ ವಾಪಸು ಬಂದಿರಲಿಲ್ಲ. ಸ್ವಚ್ಛತೆಯಲ್ಲಿ ಎತ್ತಿದ ಕೈ. ಮನೆಯಲ್ಲಿ ಅವಳು ತೊಳೆದಿಟ್ಟ ಲೋಟವನ್ನು ನಾನು ಇನ್ನೊಮ್ಮೆ ತೊಳೆದರೆ ಎರಡು ದಿನ ಮುಖ ಗಂಟು ಹಾಕಿಕೊಂಡಿರುತ್ತಿದ್ದಳು.

ಬೆಳಿಗ್ಗೆ ಬಾಟಲಿ ಹಿಡಿದು ಮೇಲೆ ಬರುತ್ತಿದ್ದಳು. ನಾನು ಚೇಂಬರು ತುಂಬಿಸುತ್ತಿದ್ದೆ. ಆಮೇಲೆ ಕಿಟಕಿಯ ಪಕ್ಕ ಎರಡು ಸ್ಟೂಲು ಹಾಕಿಕೊಂಡು, ಅವಳ ಚೀಲದ ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಂಡು ಕೂತರೆ ನಲವತ್ತು ನಿಮಿಷ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಮುಗಿಯುತ್ತಿತ್ತು. ಒಂದೇ ಮನೆಯಲ್ಲಿದ್ದು ಇಲ್ಲಿಗೆ ಬಂದು ಏನು ಮಾತಾಡುತ್ತೀರಿ ಎಂದು ಕೇಳುವವರಿದ್ದರು. ಮನೆಯಲ್ಲಿ ಅತ್ತೆ ಇರುತ್ತಾರಲ್ಲ, ಅವರ ವಿಷಯ ಎಲ್ಲಿ ಮಾತಾಡುವುದು?

ಮೂರು ವಾರಗಳ ಹಿಂದೆ ಹೊಸ ಸಾಹೇಬರು ಬಂದರು. ಒಳ್ಳೆಯವರೇ. ದನಿ ಏರಿಸುವುದಿಲ್ಲ, ಎಲ್ಲರಿಗೂ ‘ನೀವು’. ಆದರೆ ಎಡಗೈಯ ಗಡಿಯಾರ ಎರಡು ನಿಮಿಷಕ್ಕೊಮ್ಮೆ ನೋಡದಿದ್ದರೆ ಅವರಿಗೆ ತಿಂದ ಅನ್ನ ಅರಗುವುದಿಲ್ಲ. ಬಂದ ಮೊದಲನೆಯ ದಿನವೇ ಕಿಟಕಿಯ ಪಕ್ಕದ ನಮ್ಮಿಬ್ಬರನ್ನು ನೋಡಿದರು.

“ಒಂದು ಗೆರೆ ನೆಟ್ಟಗಾಗೋದನ್ನ ಇಬ್ಬರು ಕಾಯ್ಬೇಕಾ?” ಎಂದರು. ಬಯ್ಯಲಿಲ್ಲ, ಸುಮ್ಮನೆ ಕೇಳಿದರು.

ಮಾರನೆಯ ದಿನದಿಂದ ಅಕ್ಕ ಕೆಳಗಿನ ದ್ರಾವಣದ ಕೋಣೆ ಬಿಟ್ಟು ಮೇಲೆ ಬರುವಂತಿಲ್ಲ, ಬಾಟಲಿ ನಾನೇ ಹೋಗಿ ತರಬೇಕು ಎಂದಾಯಿತು. ಅವಳ ಸ್ಟೂಲು ಪಕ್ಕದ ಕೋಣೆಗೆ ಹೋಯಿತು. ಅದೇ ವಾರ ಸಾಹೇಬರು ಇನ್ನೊಂದು ಸುಧಾರಣೆ ಮಾಡಿದರು. ಎ.ಸಿ.ಯ ಗಾಳಿ ಬಡಿದು ಗೆರೆ ಅಲುಗಾಡಬಾರದೆಂದು ಯಂತ್ರದ ಸುತ್ತ ಮೂರು ಕಡೆ, ಮೇಲೊಂದು, ಪಾರದರ್ಶಕ ಪ್ಲಾಸ್ಟಿಕ್ ಹಲಗೆ ನಿಲ್ಲಿಸಿದರು. ಕೈ ಹಾಕುವುದಕ್ಕೆ ಮುಂದುಗಡೆ ಮಾತ್ರ ತೆರೆದಿತ್ತು. ನೋಡುವುದಕ್ಕೆ ಥೇಟ್ ಹಳೇ ಕಾಲದ ಫೋನ್ ಬೂತ್.

ಬೂತ್ ಎಂದ ಮೇಲೆ ಮಾತಾಡದಿರುವುದು ಹೇಗೆ? ಒಬ್ಬಳೇ ಕೂತು ನಲವತ್ತು ನಿಮಿಷ ಬಾಯಿಗೆ ಬೀಗ ಹಾಕಿಕೊಳ್ಳುವುದು ನನ್ನಿಂದ ಆಗುವ ಮಾತಲ್ಲ. ಮೊದಲನೆಯ ದಿನ ಕಿಟಕಿಯ ಹತ್ತಿರವೇ ಕೂತೆ. ಎರಡನೆಯ ದಿನ ಸ್ಟೂಲನ್ನು ಮೇಜಿನ ಹತ್ತಿರ ಎಳೆದುಕೊಂಡೆ. ಮೂರನೆಯ ದಿನ ಮೇಜಿನ ಎಡ ಮೂಲೆಗೆ ಮೊಣಕೈ ಊರಿ, ಗಲ್ಲಕ್ಕೆ ಅಂಗೈ ಕೊಟ್ಟು, ಆ ಪ್ಲಾಸ್ಟಿಕ್ ಗೂಡಿನೊಳಗೆ ತಲೆ ತೂರಿಸಿ, ಎಡದವಳಿಗೆ ಸಣ್ಣ ದನಿಯಲ್ಲಿ ಹೇಳಲು ಶುರು ಮಾಡಿದೆ: “ನೋಡೇ, ಹೆಂಗಿದ್ದೋರು ಹೆಂಗಾಗಿಬಿಟ್ವಿ.”

ಎಡದವಳು ಒಳ್ಳೆಯ ಕೇಳುಗಾರ್ತಿ. ಗಿರಗಿರ ಎನ್ನುವುದು ಬಿಟ್ಟರೆ ನಡುವೆ ಬಾಯಿ ಹಾಕುವವಳಲ್ಲ.

ಆ ವಾರವೇ ಗೆರೆ ಹಾಳಾಯಿತು. ನೆಟ್ಟಗೆ ನಿಲ್ಲಬೇಕಾದ್ದು ಬಾಗಲು ಶುರುವಾಯಿತು. ಸ್ವಲ್ಪ ಏರುತ್ತದೆ, ಮತ್ತೆ ಕುಸಿಯುತ್ತದೆ. ಎಡದವಳದು ಹೆಚ್ಚು, ಬಲದವಳದು ಕಡಿಮೆ, ಆದರೆ ಇಬ್ಬರದೂ ಸರಿ ಇಲ್ಲ. ಸೆನ್ಸರಿನ ತೆಳು ಪೊರೆ ಬದಲಾಯಿಸಿದೆ. ಚೇಂಬರುಗಳನ್ನು ಮೂರು ಸಲ ತೊಳೆದೆ. ಏನೂ ಪ್ರಯೋಜನವಾಗಲಿಲ್ಲ. ಸಂಶೋಧಕರು ಮೂವರೂ ನನ್ನ ಬೆನ್ನ ಹಿಂದೆ ನಿಂತು ಕೈ ಕೈ ಹಿಸುಕಿಕೊಂಡರು.

ಸೋಮವಾರದ ಮೀಟಿಂಗಿನಲ್ಲಿ ಸಾಹೇಬರು ನೇರವಾಗಿ ನನ್ನನ್ನೇ ಕೇಳಿದರು. “ಮೇಡಂ, ಯಂತ್ರ ನಿಮ್ಮ ಕೈಯಲ್ಲಿರೋದು. ಏನಾಗಿರಬಹುದು?”

ಹತ್ತು ಜನ ನನ್ನನ್ನೇ ನೋಡುತ್ತಿದ್ದರು. ಗೊತ್ತಿಲ್ಲ ಎಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ರೇಡಿಯೋಗೆ ಗೊತ್ತಿಲ್ಲ ಎನ್ನಲು ಬರುತ್ತದೆಯೇ? “ದ್ರಾವಣದಲ್ಲಿ ಏನಾದ್ರೂ ಬೆಳೆದಿದ್ರೆ ಹೀಗಾಗತ್ತೆ ಸರ್. ಸೂಕ್ಷ್ಮಜೀವಿ ಸೇರ್ಕೊಂಡು ಒಳಗಿನ ಆಮ್ಲಜನಕ ತಿಂತಾ ಇರತ್ತೆ. ಬಾಟಲಿ ಸರಿಯಾಗಿ ತೊಳೆದಿಲ್ಲ ಅಂದ್ರೂ ಆಗತ್ತೆ” ಎಂದುಬಿಟ್ಟೆ. ಪುಸ್ತಕದಲ್ಲಿ ಇರುವುದೂ ಅದೇ. ಮಾತು ಮುಗಿದ ಮೇಲೆಯೇ ಕಣ್ಣು ಹೋಗಿದ್ದು. ಬಾಗಿಲ ಹತ್ತಿರದ ಕೊನೆಯ ಕುರ್ಚಿಯಲ್ಲಿ ಅಕ್ಕ ಕೂತಿದ್ದಳು.

ಹತ್ತೊಂಬತ್ತು ವರ್ಷ ಬಾಟಲಿ ತೊಳೆದವಳ ತಲೆಯ ಮೇಲೆ ನಾನು ಎಷ್ಟು ಸಲೀಸಾಗಿ ಗೂಬೆ ಕೂರಿಸಿದೆ! ಮೀಟಿಂಗ್ ಮುಗಿದ ಮೇಲೆ ನಾನು ಓಡಿಹೋಗಿ, “ಅಕ್ಕ, ನಾನು ಹಾಗೆ ಹೇಳಿದ್ದಲ್ಲ...” ಎಂದೆ. ಅವಳು ಪೆನ್ನಿನ ಕ್ಯಾಪು ಹಾಕುತ್ತಾ, “ಖಾಲಿ ಬಾಟಲಿಗಳನ್ನ ಕೆಳಗೆ ಕಳಿಸಿಕೊಡಿ” ಎಂದಳು.

ಕಳಿಸಿಕೊಡಿ! ಹನ್ನೊಂದು ವರ್ಷದಲ್ಲಿ ಮೊದಲ ಸಲ ಅಕ್ಕ ನನಗೆ ಬಹುವಚನ ಕೊಟ್ಟಳು. ಕಪಾಳಕ್ಕೆ ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ಮನೆಯಲ್ಲೂ ಅದೇ. ಮೆಟ್ಟಿಲ ಮೇಲೆ ಎದುರಾದರೆ ಗೋಡೆ ನೋಡಿಕೊಂಡು ದಾಟುತ್ತಿದ್ದಳು. ಏನಾದರೂ ಹೇಳಬೇಕಾದರೆ ಅತ್ತೆಯ ಮೂಲಕ. “ನೀರಿನ ಮೋಟಾರ್ ಆರಿಸ್ಬೇಕಂತೆ ನೋಡು” ಎಂದು ಅತ್ತೆ ಮೇಲೆ ಬರುತ್ತಿದ್ದರು. “ಆರಿಸಿದಾಳಂತೆ” ಎಂದು ಕೆಳಗೆ ಹೋಗುತ್ತಿದ್ದರು. ನಾಲ್ಕನೆಯ ದಿನಕ್ಕೆ ಅತ್ತೆಗೆ ಮಂಡಿನೋವು ಬಂತು. “ನಾನೇನು ಅಂಚೆಯವಳಾ? ಇಬ್ಬರೂ ಒಂದೇ ಬಸ್ಸಲ್ಲಿ ಹೋಗ್ತೀರಲ್ಲ, ಅಲ್ಲೇ ಬಡಿದಾಡ್ಕೊಂಡು ಬನ್ನಿ” ಎಂದು ರೇಗಿದರು. ಒಂದೇ ಬಸ್ಸು ಹೌದು. ಅಕ್ಕ ಮುಂದಿನ ಬಾಗಿಲಲ್ಲಿ ಹತ್ತುತ್ತಿದ್ದಳು, ನಾನು ಹಿಂದಿನದರಲ್ಲಿ.

ಎರಡನೆಯ ವಾರದ ಕೊನೆಗೆ ಸಾಹೇಬರು ತೀರ್ಮಾನ ಹೇಳಿದರು. ಮುಂದಿನ ಶುಕ್ರವಾರ ಹೊರಗಿನಿಂದ ತರಿಸಿದ ಸಿದ್ಧ ದ್ರಾವಣವನ್ನು ಒಂದು ಚೇಂಬರಿನಲ್ಲಿ, ನಮ್ಮದನ್ನು ಇನ್ನೊಂದರಲ್ಲಿ ಹಾಕಿ ನೋಡುವುದು. ಹೊರಗಿನದೇ ಸರಿ ಎಂದಾದರೆ ಕೆಳಗಿನ ದ್ರಾವಣದ ಕೋಣೆ ಮುಚ್ಚುವುದು. ಅಕ್ಕನಿಗೆ ಊರಾಚೆಯ ಉಗ್ರಾಣದಲ್ಲಿ ಕೆಲಸ, ಪೆಟ್ಟಿಗೆ ಎಣಿಸುವುದು. ಕೆಲಸ ಹೋಗುವುದಿಲ್ಲ, ಸಂಬಳವೂ ಕಡಿಮೆಯಾಗುವುದಿಲ್ಲ ಎಂದು ಸಾಹೇಬರು ಎರಡೆರಡು ಸಲ ಹೇಳಿದರು. ಅಕ್ಕನ ತಕ್ಕಡಿಗಳನ್ನು, ಸಾಲಾಗಿ ನಿಂತ ಅವಳ ಬಾಟಲಿಗಳನ್ನು ಅವರು ಒಂದು ಸಲವೂ ಹೋಗಿ ನೋಡಿರಲಿಲ್ಲ. ನಾನು ನೋಡಿದ್ದೆ.

ಕ್ಷಮೆ ಕೇಳಬೇಕಿತ್ತು. ಅದು ನನಗೂ ಗೊತ್ತು. ಆದರೆ ಹರಟೆ ಹೊಡೆಯುವುದಕ್ಕೆ ಬರುವ ನಾಲಿಗೆ ತಪ್ಪಾಯಿತು ಎನ್ನುವುದಕ್ಕೆ ತೊದಲುತ್ತದೆ. ಹಾಗಾಗಿ ಮೀಟಿಂಗಿನ ಮಾರನೆಯ ದಿನದಿಂದಲೇ ಅಭ್ಯಾಸ ಮಾಡಲು ಶುರು ಮಾಡಿದ್ದೆ. ಎಲ್ಲಿ? ಇನ್ನೆಲ್ಲಿ, ಎಡದವಳ ಮುಂದೆ. ಬೆಳಿಗ್ಗೆ ಮುಚ್ಚಳ ತೆಗೆದಿಟ್ಟು, ಗೂಡಿನೊಳಗೆ ತಲೆ ತೂರಿಸಿ, “ಅಕ್ಕ, ನನ್ನದು ತಪ್ಪಾಯ್ತು” ಎಂದು ಶುರು ಮಾಡುತ್ತಿದ್ದೆ. ಐದು ನಿಮಿಷದಲ್ಲಿ ಅದು, “ಆದ್ರೂ ನೀನು ಅಷ್ಟು ಬಿಗುಮಾನ ತೋರಿಸ್ಬಾರದಿತ್ತು” ಎಂಬಲ್ಲಿಗೆ ಹೋಗುತ್ತಿತ್ತು. ಹತ್ತು ನಿಮಿಷದಲ್ಲಿ ನನ್ನ ಮದುವೆಯ ವರ್ಷ ಅವಳು ನನ್ನ ಹಸಿರು ಸೀರೆಯನ್ನು ಕೇಳದೆ ಉಟ್ಟಿದ್ದರವರೆಗೆ. ಮತ್ತೆ ಮೊದಲಿನಿಂದ ಶುರು. ಪೂರ್ತಿ ನಲವತ್ತು ನಿಮಿಷ. ಗೆರೆ ಮೊದಲಿಗಿಂತ ಕೆಟ್ಟದಾಗಿ ಬಾಗುತ್ತಿತ್ತು.

ಮಂಗಳವಾರ ಸಂಜೆ ಅತ್ತೆ ಉಸ್ಸಪ್ಪಾ ಎಂದು ಮೆಟ್ಟಿಲು ಹತ್ತಿ ಬಂದರು. “ಏನೋ ಹೇಳಿ ಕಳಿಸಿದಾಳೆ, ನನಗೆ ತಲೆಬುಡ ಗೊತ್ತಾಗಲಿಲ್ಲ. ಒಂದೇ ಬಾಟಲಿ ಅಲ್ವಾ ಎರಡಕ್ಕೂ ಹಾಕೋದು, ಹಾಗಿದ್ರೆ ಎರಡೂ ಒಂದೇ ಥರ ಬಾಗ್ಬೇಕಲ್ಲ ಅಂತ ಕೇಳು ಅಂದ್ಲು. ಏನದು ಬಾಗೋದು? ಯಾರು ಬಾಗ್ಬೇಕು?”

ಇಷ್ಟು ಸಣ್ಣ ವಿಷಯ ನನಗೆ ಯಾಕೆ ಹೊಳೆಯಲಿಲ್ಲ? ದ್ರಾವಣ ಕೆಟ್ಟಿದ್ದರೆ ಎಡಕ್ಕೂ ಬಲಕ್ಕೂ ಯಾಕೆ ವ್ಯತ್ಯಾಸ? ಅದೇ ಚಿಂತೆಯಲ್ಲಿ ಆ ರಾತ್ರಿ ತಣ್ಣೀರಿನಲ್ಲಿ ತಲೆಸ್ನಾನ ಮಾಡಿ, ಒದ್ದೆ ಕೂದಲಲ್ಲೇ ಮಲಗಿದೆ.

ಬುಧವಾರ ಬೆಳಿಗ್ಗೆ ಎದ್ದರೆ ಗಂಟಲು ಕಟ್ಟಿತ್ತು. ಹಾ ಎಂದರೆ ಗಾಳಿ ಬರುತ್ತದೆ, ದನಿ ಇಲ್ಲ. ಡಾಕ್ಟರು ಪಿಸುಮಾತೂ ಬೇಡ ಎಂದು ಚೀಟಿಯಲ್ಲಿ ಬರೆದುಕೊಟ್ಟರು. ನನ್ನ ಗಂಡ ಆ ಚೀಟಿಯನ್ನು ಮಡಚಿ ಜೇಬಿನಲ್ಲಿಟ್ಟುಕೊಂಡರು, ನೆನಪಿಗಿರಲಿ ಎಂದು. ಕೆಲಸಕ್ಕೆ ಹೋದೆ. ಚೇಂಬರುಗಳನ್ನು ತುಂಬಿಸಿ, ಮುಚ್ಚಳ ತೆಗೆದಿಟ್ಟೆ. ಮಾತಾಡಲು ಆಗದ ಮೇಲೆ ಬೂತ್ ಯಾಕೆ? ಸ್ಟೂಲನ್ನು ಹಿಂದಿನ ಗೋಡೆಗೆ ಎಳೆದುಕೊಂಡು, ಬಿಸಿನೀರು ಗುಟುಕರಿಸುತ್ತಾ ಬೆಪ್ಪಾಗಿ ಕೂತೆ.

ನಲವತ್ತು ನಿಮಿಷದ ನಂತರ ಪರದೆ ನೋಡಿದರೆ ಎರಡು ಗೆರೆಗಳೂ ನೆಟ್ಟಗೆ ನಿಂತಿದ್ದವು. ಎಡದವಳು, ಬಲದವಳು, ಇಬ್ಬರೂ. ಸ್ಕೇಲು ಇಟ್ಟು ಎಳೆದರೂ ಅಷ್ಟು ಚೆನ್ನಾಗಿ ಬರುತ್ತಿರಲಿಲ್ಲ. ಬಾಟಲಿಯ ಚೀಟಿ ನೋಡಿದೆ. ಹಿಂದಿನ ದಿನದ್ದೇ ಬಾಟಲಿ. ಮಂಗಳವಾರ ಇದೇ ದ್ರಾವಣಕ್ಕೆ ಗೆರೆ ಕುಸಿದಿತ್ತು.

ಸಂಶೋಧಕರು ಖುಷಿಯಿಂದ ಕೆಲಸ ಶುರು ಮಾಡಿದರು. ನನ್ನ ತಲೆಗೆ ಮಾತ್ರ ಹುಳ ಬಿಟ್ಟ ಹಾಗಾಯಿತು. ನಿನ್ನೆ ಇದ್ದು ಇವತ್ತು ಇಲ್ಲದ್ದು ಏನು?

ಗುರುವಾರ ದನಿ ಅರ್ಧ ಬಂತು, ಒಡೆದ ಪೀಪಿಯ ಹಾಗೆ. ಮತ್ತೆ ಅದೇ ಬಾಟಲಿ ಹಾಕಿ, ಗೋಡೆಯ ಹತ್ತಿರ ಕೂತೆ. ಅರ್ಧ ಗಂಟೆಗೆ ಗೆರೆ ನೆಟ್ಟಗಾಯಿತು. ನನಗೆ ತಡೆಯಲಾಗಲಿಲ್ಲ. ಎದ್ದು ಹೋಗಿ ಗೂಡಿನೊಳಗೆ ತಲೆ ತೂರಿಸಿ ಎಡದವಳನ್ನು ಹೊಗಳಿದೆ. “ಎಷ್ಟು ಜಾಣೆ ನೀನು! ಎರಡು ದಿನದಿಂದ ಎಷ್ಟು ಚೆನ್ನಾಗಿ ಇದ್ದೀಯ! ಹೀಗೇ ಇರು ನನ್ನವ್ವ, ನಾಳೆ ಒಂದಿನ ಅಕ್ಕನ ಮಾನ ಉಳಿಸು...” ಐದು ನಿಮಿಷ ಮಾತಾಡಿರಬೇಕು. ತಲೆ ಎತ್ತಿ ಪರದೆ ನೋಡಿದೆ. ಎಡದ ಗೆರೆ ಇಳಿಯುತ್ತಿತ್ತು.

ಮಾತು ನಿಲ್ಲಿಸಿದೆ. ಗೋಡೆಯ ಹತ್ತಿರ ಹೋಗಿ ನಿಂತೆ. ಗೆರೆ ಮೆಲ್ಲಗೆ ಏರತೊಡಗಿತು, ಹತ್ತು ನಿಮಿಷಕ್ಕೆ ಮೊದಲಿನ ಜಾಗಕ್ಕೆ ಬಂತು. ಮತ್ತೆ ಹತ್ತಿರ ಹೋದೆ. ಈ ಸಲ ಮಾತಿಲ್ಲ, ಬರೀ ಬಾಯಿಂದ ಉಸಿರು ಬಿಟ್ಟೆ. ಮತ್ತೆ ಇಳಿಯಿತು.

ಅಲ್ಲೇ ಮೇಜು ಹಿಡಿದುಕೊಂಡು ನಿಂತೆ. ಅಯ್ಯೋ ದೇವರೇ, ನಾನು! ಎಳೆದುಕೊಂಡ ಗಾಳಿಯಲ್ಲಿ ಒಂದಷ್ಟು ಆಮ್ಲಜನಕ ನಾವೇ ಇಟ್ಟುಕೊಂಡು, ಉಳಿದದ್ದನ್ನು ಹೊರಗೆ ಬಿಡುತ್ತೇವೆ. ಶಾಲೆಯ ಮಕ್ಕಳಿಗೂ ಗೊತ್ತು. ಆ ಗೂಡಿನೊಳಗೆ ದಿನಾ ನಲವತ್ತು ನಿಮಿಷ ನನ್ನ ಉಸಿರನ್ನು ತುಂಬಿಸಿ, ಪಾಪ ದ್ರಾವಣಕ್ಕೆ ಇದೇ ಗಾಳಿ ಕಣೇ, ಇದರ ಜೊತೆ ಹೊಂದಿಕೊ ಎಂದು ಕೂರಿಸಿದ್ದೆ. ಅದು ಪ್ರಾಮಾಣಿಕವಾಗಿ ನನ್ನ ಬಾಯಿಯ ಗಾಳಿಯ ಜೊತೆಗೇ ಹೊಂದಿಕೊಂಡಿತ್ತು. ನನ್ನ ಸ್ಟೂಲು ಎಡಕ್ಕಿತ್ತು, ಅದಕ್ಕೇ ಎಡದವಳದು ಹೆಚ್ಚು. ಅಕ್ಕನ ಬಾಟಲಿಯಲ್ಲಿ ಎಳ್ಳಷ್ಟೂ ದೋಷ ಇರಲಿಲ್ಲ. ಅವಳ ಕ್ಷಮೆ ಕೇಳುವುದನ್ನು ನಾನು ಎಷ್ಟು ಶ್ರದ್ಧೆಯಿಂದ ಅಭ್ಯಾಸ ಮಾಡಿದೆನೋ ಅಷ್ಟಷ್ಟು ಅವಳ ಕೆಲಸಕ್ಕೆ ಕಲ್ಲು ಹಾಕಿದ್ದೆ.

ನಗು ಬಂತು, ಅಳುವೂ ಬಂತು. ಗಂಟಲು ಕಟ್ಟಿದ್ದರಿಂದ ಎರಡೂ ಸರಿಯಾಗಿ ಬರಲಿಲ್ಲ.

ಬಸ್ಸಿನಲ್ಲಿ ಹಿಂದಿನ ಸೀಟಿನಲ್ಲಿ ಕೂತು ಲೆಕ್ಕ ಹಾಕಿದೆ. ನಾಳೆ ನಾನು ಗೋಡೆಯ ಹತ್ತಿರ ಬಾಯಿ ಮುಚ್ಚಿಕೊಂಡು ಕೂತರೆ ಸಾಕು, ಎರಡು ಗೆರೆಗಳೂ ನೆಟ್ಟಗೆ ಬರುತ್ತವೆ. ಅಕ್ಕನ ಕೋಣೆ ಉಳಿಯುತ್ತದೆ. ಯಾರಿಗೂ ಏನೂ ಗೊತ್ತಾಗುವುದಿಲ್ಲ. ಎಷ್ಟು ಸಲೀಸು! ಮುಂದುಗಡೆ ಅಕ್ಕ ಕಂಬಿ ಹಿಡಿದು ನಿಂತಿದ್ದಳು, ಬೆನ್ನು ನನ್ನ ಕಡೆಗೆ. ಆಗ ಇನ್ನೊಂದು ಲೆಕ್ಕ ಹೊಳೆಯಿತು. ನಾಳೆ ಸರಿ ಬಂದರೆ ಜನ ಏನೆನ್ನುತ್ತಾರೆ? ಬೆದರಿಸಿದ ಮೇಲೆ ಸರಿಯಾಗಿ ತೊಳೆಯೋಕೆ ಶುರು ಮಾಡಿದಾಳೆ ಎನ್ನುತ್ತಾರೆ. ಕೋಣೆ ಉಳಿಯುತ್ತದೆ, ಹತ್ತೊಂಬತ್ತು ವರ್ಷದ ಹೆಸರು ಉಳಿಯುವುದಿಲ್ಲ. ಮಾತಾಡಿ ಕೆಡಿಸಿದ್ದನ್ನು ಸುಮ್ಮನಿದ್ದು ಸರಿ ಮಾಡುವಂತಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಯಂತ್ರದ ಕೋಣೆ ತುಂಬಿತ್ತು. ಸಂಶೋಧಕರು ಮೂವರು, ಸಾಹೇಬರು, ಅವರ ಗಡಿಯಾರ. ಅಕ್ಕ ತನ್ನ ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಮೂರು ವಾರದ ಮೇಲೆ ಮೊದಲ ಸಲ ಮೂರನೆಯ ಮಹಡಿಗೆ ಬಂದಿದ್ದಳು. ಕಿಟಕಿಯ ಪಕ್ಕ ತನ್ನ ಸ್ಟೂಲು ಇಲ್ಲದ್ದನ್ನು ನೋಡಿದಳು. ನನ್ನನ್ನು ನೋಡಲಿಲ್ಲ.

ಅಕ್ಕನ ದ್ರಾವಣ ಎಡಕ್ಕೆ, ಹೊರಗಿನದು ಬಲಕ್ಕೆ ಹಾಕಿದೆ. ಮುಚ್ಚಳ ತೆಗೆದಿಟ್ಟೆ. ಎಲ್ಲರನ್ನೂ ಗೋಡೆಯವರೆಗೆ ಹಿಂದೆ ನಿಲ್ಲಿಸಿದೆ. ನಾನೂ ನಿಂತೆ. ನಲವತ್ತು ನಿಮಿಷ ನಾನು ಒಂದು ಮಾತೂ ಆಡಲಿಲ್ಲ. ಸಂಶೋಧಕರಲ್ಲಿ ಒಬ್ಬರು, ಹುಷಾರಾಗಿದ್ದೀರಾ ತಾನೇ ಎಂದು ಎರಡು ಸಲ ಕೇಳಿದರು.

ಎರಡು ಗೆರೆಗಳೂ ಒಂದರ ಮೇಲೊಂದು ಕೂತು, ಒಂದೇ ಗೆರೆಯ ಹಾಗೆ ನೆಟ್ಟಗೆ ನಿಂತವು.

ಸಾಹೇಬರು ಮುಂದೆ ಬಗ್ಗಿ ನೋಡಿದರು. “ಪರವಾಗಿಲ್ಲವೇ! ಹಾಗಿದ್ರೆ ಈ ವಾರದ ದ್ರಾವಣ ಸರಿಯಾಗಿ ಬಂದಿದೆ ಅಂತಾಯ್ತು.”

“ಎಲ್ಲಾ ವಾರದ್ದೂ ಸರಿಯಾಗೇ ಬಂದಿತ್ತು ಸರ್” ಎಂದೆ. ನನ್ನ ಒಡಕು ದನಿ ನನಗೇ ಗುರುತು ಸಿಗಲಿಲ್ಲ. “ಅವತ್ತು ಮೀಟಿಂಗಲ್ಲಿ ನಾನು ಹೇಳಿದ್ದು ತಪ್ಪು. ದೋಷ ದ್ರಾವಣದಲ್ಲಿರಲಿಲ್ಲ. ನನ್ನ ಬಾಯಲ್ಲಿತ್ತು.”

ಯಾರಿಗೂ ಅರ್ಥವಾಗಲಿಲ್ಲ. ಸಾಹೇಬರು ಅಭ್ಯಾಸಬಲದಿಂದ ಗಡಿಯಾರ ನೋಡಿಕೊಂಡರು. “ಅಂದ್ರೆ?”

“ತೋರಿಸ್ತೀನಿ ಸರ್. ಐದು ನಿಮಿಷ ಕೊಡಿ.”

ಸ್ಟೂಲನ್ನು ಮೇಜಿನ ಎಡ ಮೂಲೆಗೆ ಎಳೆದುಕೊಂಡೆ. ಮೊಣಕೈ ಊರಿ, ಗೂಡಿನೊಳಗೆ ತಲೆ ತೂರಿಸಿದೆ. ಹಿಂದೆ ಯಾರೋ ಕಿಸಕ್ಕೆಂದರು. ಮಾತಾಡಬೇಕು. ಏನು ಮಾತಾಡಲಿ? ಹರಟೆಯ ರಾಣಿ ನಾನು, ತಲೆ ಪೂರ್ತಿ ಖಾಲಿ. ಆ ಜಾಗದಲ್ಲಿ ಆ ಗಾಜಿನ ಮುಂದೆ ನನಗೆ ಬಾಯಿಪಾಠ ಬರುತ್ತಿದ್ದದ್ದು ಒಂದೇ ಒಂದು.

“ಅಕ್ಕ, ನನ್ನದು ತಪ್ಪಾಯ್ತು” ಎಂದೆ, ಎಡದವಳಿಗೆ. ಕಿಸಕ್ಕೆಂದವರು ಸುಮ್ಮನಾದರು. “ಹತ್ತು ಜನರ ಮುಂದೆ ನಿನ್ನ ಬಾಟಲಿ ಕೊಳಕು ಅಂದೆ. ನನಗೆ ಗೊತ್ತಿರಲಿಲ್ಲ ಅಕ್ಕ. ಗೊತ್ತಿಲ್ಲ ಅನ್ನೋಕೆ ನಾಚಿಕೆಯಾಗಿ ಅಂದೆ. ನೀನು ತೊಳೆದ ಲೋಟಾನ ಇನ್ನೊಂದು ಸಲ ತೊಳೆದ್ರೆ ಸಿಟ್ಟು ಮಾಡ್ಕೋತೀಯ, ಅಂಥವಳಿಗೆ ಅಂದೆ. ನನಗೆ ಈ ಕೆಲಸ ಕೊಡಿಸಿದವಳು ನೀನು. ಮೊದಲ ದಿನ ಚೇಂಬರು ಹೇಗೆ ಹಿಡಿಯೋದು ಅಂತ ಕೈ ಹಿಡಿದು ತೋರಿಸಿದವಳು ನೀನು. ಮೂರು ವಾರದಿಂದ ನಾನು ಚಹಾ ಕುಡಿದಿಲ್ಲ ಅಕ್ಕ, ಕ್ಯಾಂಟೀನಿನ ಚಹಾ ನನಗೆ ಸೇರಲ್ಲ, ನಿನ್ನ ಫ್ಲಾಸ್ಕಿಂದೇ ಬೇಕು. ನೀನು ಉಗ್ರಾಣಕ್ಕೆ ಹೋದ್ರೆ ನಾನೂ ಬರ್ತೀನಿ, ಪೆಟ್ಟಿಗೆ ಎಣಿಸ್ತೀನಿ. ಮನೇಲಿ ನಿನ್ನ ಮಾತಿಲ್ದೆ ನನಗೆ ಮೆಟ್ಟಿಲಿಳಿಯೋಕೇ ಭಯ ಆಗತ್ತೆ. ಆದ್ರೂ ಅಷ್ಟು ಬಿಗುಮಾನ ನೀನೂ ತೋರಿಸ್ಬಾರದಿತ್ತು...”

“ಇಳೀತಿದೆ!” ಎಂದರು ಸಾಹೇಬರು. “ಎಡಗಡೆದು ಇಳೀತಾ ಇದೆ!”

ಎಲ್ಲರೂ ಪರದೆಯ ಸುತ್ತ ಮುಗಿಬಿದ್ದರು. ಉಸಿರು, ಉಸಿರು ಎಂದು ಒಬ್ಬರು ಇನ್ನೊಬ್ಬರಿಗೆ ಹೇಳಿದರು. ಈ ಹಲಗೆ ಇಲ್ದಿದ್ರೆ ಗಾಳಿ ಚದುರಿ ಹೋಗ್ತಿತ್ತಲ್ವಾ ಎಂದು ಇನ್ನೊಬ್ಬರು ಕೇಳಿದರು. ತಾವೇ ನಿಲ್ಲಿಸಿದ ಪ್ಲಾಸ್ಟಿಕ್ ಹಲಗೆಯನ್ನು ಸಾಹೇಬರು ಮುಟ್ಟಿ ನೋಡಿ, ಕಿವಿ ಕೆಂಪು ಮಾಡಿಕೊಂಡರು. “ತಪ್ಪಲ್ಲಿ ನನ್ನ ಪಾಲೂ ಇದೆ ಅಂತಾಯ್ತು” ಎಂದರು. ಅಷ್ಟು ಹೇಳಿದ್ದಕ್ಕೆ ನನಗೆ ಅವರ ಮೇಲೆ ಗೌರವ ಬಂತು. ಕೆಳಗಿನ ಕೋಣೆಯನ್ನು ಮುಚ್ಚುವ ಮಾತು ಇನ್ನಿಲ್ಲ ಎಂದೂ, ಸೋಮವಾರದ ಮೀಟಿಂಗಿನಲ್ಲಿ ತಾವೇ ಎಲ್ಲರ ಮುಂದೆ ಇದನ್ನು ಹೇಳುವುದಾಗಿಯೂ ಬಾಗಿಲ ಕಡೆ ತಿರುಗಿ ಅಕ್ಕನಿಗೆ ಹೇಳಿದರು.

ಅಕ್ಕ ತಲೆಯಾಡಿಸಿದಳಷ್ಟೆ. ಬಾಟಲಿಯನ್ನು ಮೇಜಿನ ಮೇಲಿಟ್ಟಳು. ಇಡುವ ಮೊದಲು ಸೆರಗಿನ ತುದಿಯಿಂದ ತಳ ಒರೆಸಿದಳು. ನಾನು ಇನ್ನೂ ಗೂಡಿನೊಳಗೇ ತಲೆ ಇಟ್ಟುಕೊಂಡಿದ್ದೆ. ಹೊರಗೆ ತೆಗೆಯಲು ಧೈರ್ಯ ಬರಲಿಲ್ಲ. ಗಾಜಿನಲ್ಲಿ ಅವಳ ಸೀರೆಯ ಬಣ್ಣ ಹತ್ತಿರವಾಯಿತು.

“ಇಷ್ಟು ದಿನ ಇದನ್ನೇ ಹೇಳ್ತಿದ್ಯಾ ಅದಕ್ಕೆ?” ಎಂದಳು ಅಕ್ಕ.

“ಹೂಂ. ಅಭ್ಯಾಸ ಮಾಡ್ತಿದ್ದೆ.”

“ನಾನು ಎಷ್ಟು ದೂರ ಇದ್ದೆ?”

“ಎರಡು ಮಹಡಿ ಕೆಳಗೆ.”

“ಮನೇಲಿ?”

“ಹದಿನಾಲ್ಕು ಮೆಟ್ಟಿಲು.”

ಅವಳು ನನ್ನ ಜಡೆ ಹಿಡಿದು ಮೆಲ್ಲಗೆ ಹಿಂದಕ್ಕೆ ಎಳೆದಳು, ಹಾಲು ಕುಡಿಯುವ ಕರುವನ್ನು ಹಗ್ಗ ಹಿಡಿದು ಎಳೆಯುವ ಹಾಗೆ. “ಬಿಡೇ ಅದನ್ನ, ಪಾಪ, ಉಸಿರು ಕಟ್ತಾ ಇದೆ ಅದಕ್ಕೆ. ಅದಕ್ಕೆ ಹೇಳಿದ್ದೆಲ್ಲ ಲೆಕ್ಕಕ್ಕಿಲ್ಲ. ಈ ಕಡೆ ತಿರುಗಿ ಹೇಳು.”

ತಿರುಗಿದೆ. ಅವಳ ಕಣ್ಣು ತುಂಬಿತ್ತು, ಸಿಟ್ಟು ಇನ್ನೂ ಪೂರ್ತಿ ಹೋಗಿರಲಿಲ್ಲ. ಅಷ್ಟು ದಿನ ಕಲಿತ ಪಾಠದಲ್ಲಿ ಒಂದಕ್ಷರವೂ ಬಾಯಿಗೆ ಬರಲಿಲ್ಲ. ಹಸಿರು ಸೀರೆಯೂ ನೆನಪಾಗಲಿಲ್ಲ. ಅವಳ ಕೈ ಹಿಡಿದುಕೊಂಡು ಸುಮ್ಮನೆ ಕೂತೆ.

“ನೋಡಿ, ನೋಡಿ” ಎಂದು ಸಾಹೇಬರು ಪರದೆಯ ಹತ್ತಿರದಿಂದ ಕೂಗಿದರು. “ಮತ್ತೆ ಏರ್ತಾ ಇದೆ.”

ಅಕ್ಕ ಅತ್ತ ನೋಡಲಿಲ್ಲ. “ಯಾರಾದ್ರೂ ನನ್ನ ಸ್ಟೂಲು ತಂದ್ಕೊಡ್ತೀರಾ?” ಎಂದಳು. ಗಡಿಯಾರ ನೋಡಿಕೊಳ್ಳದೆ ಸಾಹೇಬರೇ ಪಕ್ಕದ ಕೋಣೆಗೆ ಹೋದರು.